ಅಜ್ಜ ಕಾಗದ ತೋರಿಸದ ಊರು

ಹೋದ ತಿಂಗಳು ಒಂದು ಸಾಕ್ಷಿ ವಿಚಾರಣೆಗೆಂದು ಜಗಳೂರಿಗೆ ಹೋಗಬೇಕಾಯಿತು. ಈಗ ನನ್ನ ಆಫೀಸು ದಾವಣಗೆರೆಯಲ್ಲಿ, ಆ ಕಡೆ ಹೋಗುವುದು ಅಪರೂಪ. ಬಸ್ಸಿನಿಂದ ಇಳಿದ ಕೂಡಲೇ ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆ ಹಸಿದಿತ್ತು, ಬಾಯಲ್ಲಿ ನೀರೂರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಲಾ ಮುಗಿಸಿದ ವರ್ಷ ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಂಡಕ್ಕಿ ಮಿರ್ಚಿ ತಿಂದಿದ್ದೇನೆ. ರುಚಿಗೆ ತಿಂದದ್ದಲ್ಲ. ಯಾರೋ ಒಬ್ಬ ಸೀನಿಯರ್ ವಕೀಲರು "ನಮ್ಮಲ್ಲಿ ಜಾಗ ಇಲ್ಲವ್ವಾ" ಅಂದಿರುತ್ತಿದ್ದರು, ಇಲ್ಲವೇ "ನೋಡಾಣ" ಅಂದಿರುತ್ತಿದ್ದರು, ಮುಂದಿನ ಬಸ್ಸು ಬಂದಿರುತ್ತಿರಲಿಲ್ಲ, ಅದಕ್ಕೆ ತಿಂದದ್ದು.

ಲಾ ಡಿಗ್ರಿ ಕೈಗೆ ಬಂದರೆ ವಕೀಲೆ ಆದಂತೆ ಎಂದು ನಮ್ಮ ಮನೆಯವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ ಅನ್ನಿ. ಬೆಂಗಳೂರಿಗೆ ಹೋಗಿ ಹೆಸರು ನೋಂದಾಯಿಸಿಕೊಂಡು ಬಂದೆವು, ದಾವಣಗೆರೆಯಲ್ಲಿ ಕರಿ ಕೋಟು ಹೊಲಿಸಿದೆವು, ಅದನ್ನು ಹಾಕಿಸಿ ಫೋಟೋ ತೆಗೆದು ಅಮ್ಮ ಸಂಬಂಧಿಕರ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದಳು. ಆಮೇಲೆ ಕೋರ್ಟಿಗೆ ಹೋಗಿ ನಿಂತರೆ ಕೇಸು ಮುಂದೂಡಲು ಒಂದು ವಾಯಿದೆ ಕೇಳುವುದು ಹೇಗೆಂದೂ ನನಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೆ ಸೀನಿಯರ್ ಬೇಕು. ಅವರ ಆಫೀಸಿನ ಮೂಲೆಯಲ್ಲಿ ಒಂದು ಕುರ್ಚಿ ಬೇಕು, ಅವರ ಹಿಂದೆ ಫೈಲು ಹೊತ್ತು ನಡೆಯುವ ಭಾಗ್ಯ ಬೇಕು. ಅದಿಲ್ಲದೆ ಕೋಟು ಹಾಕಿಕೊಂಡವರು ಮದುವೆ ಮನೆಯಲ್ಲಿ ಯಾವ ಕಡೆಯವರೆಂದು ಗೊತ್ತಾಗದೆ ನಿಂತವರ ಹಾಗೆ ಕಾಣುತ್ತಾರೆ.

ತ್ಯಾವಣಿಗೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಪ್ಪ ಕಡಿಮೆ ಮಾತಿನವರು. ಅವರು ಒಂದೇ ಮಾತು ಹೇಳಿದರು. "ನೋಡವ್ವಾ ಶೈಲಾ, ಒಂದು ವರ್ಷ ಓಡಾಡು. ಯಾರೂ ಸಿಗಲಿಲ್ಲ ಅಂದ್ರೆ ಸುಮ್ನೆ ಬಿ.ಎಡ್. ಮಾಡಿಬಿಡು. ಟೀಚರ್ ಕೆಲ್ಸಕ್ಕೆ ಯಾರ ಕೈಕಾಲೂ ಹಿಡಿಯಂಗಿಲ್ಲ."

ಬಿ.ಎಡ್. ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಆ ವರ್ಷ ಆ ಎರಡಕ್ಷರ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಬೇಕಾದದ್ದು ಕೋರ್ಟು. ಬೇರೆ ಯಾವುದೂ ಬೇಡವಾಗಿತ್ತು.

ಮೊದಲು ಹೋದದ್ದು ಚನ್ನಗಿರಿಗೆ, ನಮ್ಮದೇ ತಾಲ್ಲೂಕು ಕೋರ್ಟು. ಮುಂಗಾರು ಆಗಷ್ಟೇ ಹಿಡಿದಿತ್ತು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಎಂದು ಊರೆಲ್ಲ ಸಂಭ್ರಮ, ಆದರೆ ನಮ್ಮ ರೂಟಿನಲ್ಲಿ ಓಡುವುದು ಮುಕ್ಕಾಲು ಪಾಲು ಪ್ರೈವೇಟ್ ಬಸ್ಸು. ತೊಯ್ದ ಕೋಟನ್ನು ಮಡಿಚಿ ಬಗಲಲ್ಲಿ ಇಟ್ಟುಕೊಂಡು ಮೊದಲ ಸೀನಿಯರ್ ಎದುರು ನಿಂತೆ. ಅವರು ನಮ್ಮ ಅಜ್ಜನ ವಕೀಲರು, ನಮ್ಮ ಕಡೆಯವರು, ಇಲ್ಲ ಅನ್ನಲಾರರು ಎಂಬ ಧೈರ್ಯ.

"ಹಾಲೇಶಪ್ಪನ ಮೊಮ್ಮಗಳಾ?" ಎಂದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡವ್ವಾ, ನಿಮ್ಮಜ್ಜ ವಾಯಿದೆ ಇದ್ದಾಗೂ ಬರ್ತಾರೆ, ಇಲ್ಲದಾಗೂ ಬರ್ತಾರೆ. ಬೆಳಗ್ಗೆ ಬಂದು ಆ ಬೆಂಚಿನ ಮ್ಯಾಲೆ ಕೂತ್ರೆ ನಾನು ಊಟಕ್ಕೆ ಏಳಬೇಕು ಅಂದ್ರೂ ಬಿಡಲ್ಲ. ನೀನೂ ಇಲ್ಲೇ ಇದ್ರೆ ಅವರು ಹಾಸಿಗೆ ತಂದು ಇಲ್ಲೇ ಹಾಸ್ತಾರೆ. ಬ್ಯಾಡವ್ವಾ, ನನಗೂ ವಯಸ್ಸಾತು."

ಇಲ್ಲಿ ಅಜ್ಜನ ವಿಷಯ ಹೇಳಲೇಬೇಕು. ಅಜ್ಜನಿಗೂ ಅವನ ತಮ್ಮನ ಮಕ್ಕಳಿಗೂ ಗದ್ದೆಗೆ ಹೋಗುವ ಬಂಡಿ ದಾರಿಯ ಮೇಲೆ ದಾವಾ. ನಾನು ಹುಟ್ಟುವ ಮೊದಲೇ ಶುರುವಾದದ್ದು. ಅಜ್ಜ ಈಗಲೂ ಗಟ್ಟಿಯಾಗಿದ್ದಾನೆ, ದಾವಾ ಅಜ್ಜನಿಗಿಂತ ಗಟ್ಟಿಯಾಗಿದೆ. ಚನ್ನಗಿರಿ ಕೋರ್ಟಿನ ಆವರಣದಲ್ಲಿ ಅವನಿಗೆ ದಾರಿ ಹಾಲೇಶಪ್ಪ ಎಂದೇ ಹೆಸರು. ಕೋರ್ಟಿನಲ್ಲಿ ಒಂದು ಸಣ್ಣ ಅರ್ಜಿ ಬಿದ್ದುಹೋದರೂ ಅವನು ವಕೀಲರನ್ನು ಬದಲಾಯಿಸುತ್ತಿದ್ದ. ಅದು ಸಾಲದೆಂದು ಇನ್ನೊಂದು ಉಪಾಯ ಮಾಡಿಕೊಂಡಿದ್ದ. ಊರಿನಲ್ಲಿ ಯಾರು ಒಳ್ಳೆಯ ವಕೀಲರು ಎಂದು ಹೆಸರಾಗುತ್ತಾರೋ ಅವರ ಆಫೀಸಿಗೆ ಹೋಗಿ, ಎಲೆ ಅಡಿಕೆಯ ಜೊತೆ ಒಂದು ನೋಟು ಇಟ್ಟು, ದಾರಿ ಕೇಸಿನ ಕಾಗದ ತೋರಿಸಿ ಬರುವುದು. ಅವರಿಗೆ ಕೇಸು ಕೊಡುವುದಿಲ್ಲ, ಬರೀ ತೋರಿಸುವುದು. ಒಬ್ಬರ ಕಾಗದ ನೋಡಿ ಸಲಹೆ ಕೊಟ್ಟ ವಕೀಲರು ಎದುರು ಪಾರ್ಟಿಯ ಪರ ನಿಲ್ಲುವಂತಿಲ್ಲ. ಹೀಗೆ ಅಜ್ಜ ಚನ್ನಗಿರಿಯ ವಕೀಲರನ್ನೆಲ್ಲ ಕಟ್ಟಿಹಾಕಿಬಿಟ್ಟಿದ್ದ.

ಇದು ನನಗೆ ಗೊತ್ತಾದದ್ದು ಒಬ್ಬೊಬ್ಬರ ಬಾಗಿಲಿಗೂ ಹೋಗಿ ನಿಂತ ಮೇಲೆ. ಒಬ್ಬರು ಅಜ್ಜ ಬಿಟ್ಟುಬಂದ ವಕೀಲರು, ಆ ಸಿಟ್ಟು ಇನ್ನೂ ಆರಿರಲಿಲ್ಲ. ಇನ್ನೊಬ್ಬರಿಗೆ ಕಾಗದ ತೋರಿಸಿ ಅರ್ಧ ದಿನ ತಲೆ ತಿಂದಿದ್ದ. ಮತ್ತೊಬ್ಬರು ನನ್ನ ಅಂಕಪಟ್ಟಿ ನೋಡಿ ಖುಷಿಪಟ್ಟು, ಕನ್ನಡ ಟೈಪಿಂಗ್ ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಅಂದ ಮೇಲೆ ಇನ್ನೂ ಖುಷಿಪಟ್ಟು, ಕೊನೆಗೆ ತ್ಯಾವಣಿಗೆಯಲ್ಲಿ ಯಾರ ಮನೆ ಎಂದು ಕೇಳಿದರು. ನಾನು ಹೇಳಿದೆ. ಅಂಕಪಟ್ಟಿ ನನ್ನ ಕೈಗೆ ವಾಪಸು ಬಂತು.

ಅವತ್ತು ಮನೆಗೆ ಬಂದವಳು ಕೈಕಾಲೂ ತೊಳೆಯದೆ ಅಜ್ಜನ ಎದುರು ನಿಂತೆ.

"ಅಜ್ಜಾ, ನಿನ್ನ ಕಾಗದ ಯಾರ್ಯಾರಿಗೆ ತೋರಿಸಿದೀಯ?"

"ಒಳ್ಳೆಯೋರಿಗೆಲ್ಲಾ ತೋರ್ಸೀನಿ," ಅಂದ ಅಜ್ಜ, ಅಡಿಕೆ ಕತ್ತರಿಸುತ್ತ.

"ನನಗೆ ಸೀನಿಯರ್ ಬೇಕು ಅಂದ್ರೆ ಯಾರ ಹತ್ರ ಹೋಗ್ಲಿ?"

"ನಾನು ತೋರಿಸದೇ ಬಿಟ್ಟೋರ ಹತ್ರ ಹೋಗಬ್ಯಾಡ. ಅವರು ಒಳ್ಳೆಯೋರಲ್ಲ."

ಇಂಥವನ ಜೊತೆ ಏನು ವಾದ ಮಾಡುವುದು? ಊಟದ ತಟ್ಟೆಯ ಎದುರು ಕೂತಾಗ ಅಳು ಬಂತು. ದುಃಖಕ್ಕಿಂತ ರೇಗಿದ ಅಳು. ಅಮ್ಮ ರೊಟ್ಟಿಗೆ ಇನ್ನೊಂದು ಚಮಚ ಬೆಣ್ಣೆ ಹಾಕಿದಳು. ಅಪ್ಪ ಮೊಬೈಲಿನಲ್ಲಿ ಬಿ.ಎಡ್. ಕಾಲೇಜುಗಳ ಹೆಸರು ನೋಡುತ್ತಿದ್ದರು.

ಹೊನ್ನಾಳಿಗೆ ಹೋಗುವ ಹೊತ್ತಿಗೆ ನಾನು ಸ್ವಲ್ಪ ಬುದ್ಧಿ ಕಲಿತಿದ್ದೆ. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ಸೇತುವೆಯ ಮೇಲೆ ಜನ ಮೊಬೈಲು ಹಿಡಿದು ನಿಂತಿದ್ದರು. ಅಲ್ಲಿ ಒಬ್ಬರು ಮದುವೆ ಯಾವಾಗ ಎಂದು ಕೇಳಿದರು. ಗೊತ್ತಿಲ್ಲ ಸರ್ ಅಂದೆ. "ಹಂಗಾದ್ರೆ ಗೊತ್ತಾದ ಮ್ಯಾಲೆ ಬಾ. ಕಲಿಸಿ ರೆಡಿ ಮಾಡೋದು ನಾವು, ಕರ್ಕಂಡು ಹೋಗೋದು ಯಾರೋ," ಅಂದರು. ಇನ್ನೊಬ್ಬರು ಯಾವ ಊರು ಎಂದಷ್ಟೇ ಕೇಳಿ, ನಾಳೆಯಿಂದ ಬಾ ಎಂದುಬಿಟ್ಟರು. ಅಪ್ಪನ ಹೆಸರು ಹೇಳಿದ್ದೆ. ಅಜ್ಜನ ಹೆಸರನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿ ನನಗೆ ಕುರ್ಚಿ ಇರಲಿಲ್ಲ, ಹಳೆಯ ಫೈಲುಗಳ ಕಟ್ಟಿನ ಮೇಲೆ ಕೂರುತ್ತಿದ್ದೆ. ಜೆರಾಕ್ಸ್ ಮಾಡಿಸುವುದು, ಪುಟಗಳಿಗೆ ನಂಬರು ಹಾಕುವುದು, ಸೀನಿಯರ್ ಫೋನಿಗೆ ಚಾರ್ಜ್ ಹಾಕುವುದು ನನ್ನ ವಕೀಲಿ. ಆದರೂ ಸಂತೋಷವಾಗಿದ್ದೆ. ದಿನಕ್ಕೊಂದು ಸಲ ಅವರ ಹಿಂದೆ ಕೋರ್ಟ್ ಹಾಲಿನೊಳಗೆ ಹೋಗುತ್ತಿದ್ದೆನಲ್ಲ. ಮನೆಯಲ್ಲಿ ಹೇಳಿದೆ. ಅಲ್ಲೇ ಎಡವಿದ್ದು.

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಅಜ್ಜ! ಬಿಳಿ ಅಂಗಿ, ಹಣೆಗೆ ಈಬತ್ತಿ, ಬಗಲಲ್ಲಿ ಕಾಗದದ ಚೀಲ. "ನಮ್ ಶೈಲಾನ ಸಾಹೇಬರನ್ನ ಮಾತಾಡಿಸಿ ಹೋಗಾಣ ಅಂತ ಬಂದೆ. ಹಂಗೇ ನಮ್ದೊಂದು ದಾರಿ ಕೇಸು ಐತೆ..."

ಸೀನಿಯರ್ ಕುರ್ಚಿಯಿಂದ ಎದ್ದೇಬಿಟ್ಟರು. ಚನ್ನಗಿರಿಯ ವಕೀಲರನ್ನೆಲ್ಲ ಅಜ್ಜ ಕಟ್ಟಿಹಾಕಿದ ಮೇಲೆ ಅವನ ತಮ್ಮನ ಮಕ್ಕಳು ಹೊಸ ವಕೀಲರನ್ನು ಹುಡುಕಿಕೊಂಡು ಈಚೆಗೆ ಹೊನ್ನಾಳಿಗೆ ಬಂದಿದ್ದರು. ಬಂದದ್ದು ಇವರ ಹತ್ತಿರವೇ, ಅದು ಅಜ್ಜನಿಗೆ ಇನ್ನೂ ಗೊತ್ತಿರಲಿಲ್ಲ. ಎದುರು ಪಾರ್ಟಿಯ ಫೈಲು ಇದೇ ಆಫೀಸಿನಲ್ಲಿತ್ತು. ಬಹುಶಃ ನಾನು ಕೂರುತ್ತಿದ್ದ ಕಟ್ಟಿನಲ್ಲೇ ಇದ್ದಿರಬಹುದು.

"ಏನ್ರೀ ಹಾಲೇಶಪ್ಪ, ನಮ್ಮ ಫೈಲು ನೋಡಾಕೆ ಮೊಮ್ಮಗಳನ್ನ ಕಳಿಸಿದೀರಾ?" ಎಂದು ಗುಡುಗಿದರು.

"ಏ, ನಿಮ್ಮ ಫೈಲು ಯಾರಿಗೆ ಬೇಕ್ರಿ? ಅದ್ರಾಗೆ ಏನೈತೆ?" ಎಂದು ಅಜ್ಜನೂ ದನಿ ಏರಿಸಿದ. ನನ್ನ ಪರವಾಗಿ ಒಂದು ಮಾತಾಡುವ ಬದಲು ಅಲ್ಲೇ ತನ್ನ ಕೇಸು ವಾದಿಸಲು ಶುರುಮಾಡಿದ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಯಾರೂ ತಡೆಯಲಿಲ್ಲ. ಬಸ್ಸಿನಲ್ಲಿ ಅಜ್ಜನ ಪಕ್ಕ ಕೂರದೆ ಹಿಂದಿನ ಸೀಟಿಗೆ ಹೋಗಿ ಕೂತೆ. ಅವನು ನನಗೂ ಸೇರಿಸಿ ಟಿಕೆಟ್ ತೆಗೆಸಿದ. ಅದಕ್ಕೂ ನನಗೆ ಸಿಟ್ಟು ಬಂತು.

ಶ್ರಾವಣ ಕಳೆದು, ಗಣಪತಿ ಬಂದು ಹೋಗಿ, ದಸರಾ ರಜೆ ಬಂತು. ಆಗ ನ್ಯಾಮತಿಯ ಕೇಸುಗಳೆಲ್ಲ ಹೊನ್ನಾಳಿಗೇ ಬರುತ್ತಿದ್ದವು. ನ್ಯಾಮತಿಯ ಹಿರಿಯ ವಕೀಲರೊಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಆಫೀಸು ಇಟ್ಟಿದ್ದಾರೆ, ಸಿಟ್ಟಿಲ್ಲದ ಮನುಷ್ಯ ಎಂದು ಕಾಲೇಜಿನ ಗೆಳತಿ ಹೇಳಿದ್ದಳು. ಹೋದೆ. ಇನ್ನು ಮುಚ್ಚಿಡುವುದು ಬೇಡವೆಂದು ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ. ನನ್ನ ಹೆಸರು ಶೈಲಾ, ದಾರಿ ಹಾಲೇಶಪ್ಪನ ಮೊಮ್ಮಗಳು, ಹೊನ್ನಾಳಿಯಲ್ಲಿ ಫೈಲು ಕದಿಯಲು ಹೋದವಳೆಂದು ಹೆಸರಾಗಿದೆ, ಜಾಗ ಇದೆಯಾ ಇಲ್ಲವಾ ಹೇಳಿ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿನಿಂದ ಅವರ ಹೆಂಡತಿ ಏನಾಯಿತೆಂದು ನೋಡಲು ಬಂದರು. "ಆ ಗೂಢಚಾರಿ ಹುಡುಗಿ ನೀನೇನಾ? ವಕೀಲ್ರ ಬಾರ್ ರೂಮಿನಾಗೆ ಒಂದು ವಾರ ನಿಂದೇ ಮಾತು," ಎಂದು ಕಣ್ಣೊರೆಸಿಕೊಂಡರು. "ನಾನು ಇಟ್ಕಂಡ್ರೆ ಹೊನ್ನಾಳಿಯೋರು ನನ್ನ ಜೊತೆ ಮಾತು ಬಿಡ್ತಾರೆ. ನೀನು ಒಂದು ಕೆಲ್ಸ ಮಾಡು. ನಿಮ್ಮಜ್ಜ ಕಾಗದ ತೋರಿಸದ ಊರು ಯಾವುದೈತೆ ಹೇಳು."

ಯೋಚಿಸಿದೆ. "ಜಗಳೂರು ಇರಬಹುದು ಸರ್. ಆ ಕಡೆ ಅವನು ಹೋಗೋದು ಕಡಿಮೆ."

"ಅಲ್ಲಿ ನಮ್ಮ ತಿಪ್ಪೇಸ್ವಾಮಿ ಅದಾನೆ, ನನ್ನ ಜೊತೆ ಓದಿದೋನು. ಫೋನ್ ಮಾಡ್ತೀನಿ, ಹೋಗು."

ಬಿಳಿಚೋಡಿನಲ್ಲಿ ನನ್ನ ಚಿಕ್ಕಮ್ಮ ಇದ್ದಳು. ದೀಪಾವಳಿ ಮುಗಿಸಿ ಅವಳ ಮನೆಗೆ ಹೋಗಿ ಉಳಿದೆ, ಅಲ್ಲಿಂದ ದಿನಾ ಜಗಳೂರಿಗೆ ಬಸ್ಸು. ನಮ್ಮೂರ ಗದ್ದೆಗಳಿಗೆ ಹರಿಯುವ ಚಾನಲ್ ನೀರಿನ ಹಸಿರು ನೋಡಿದ ಕಣ್ಣಿಗೆ ಆ ನೆಲ ಬೇರೆಯೇ ಆಗಿತ್ತು. ಕೊಯ್ಲು ಮುಗಿದ ಮೆಕ್ಕೆಜೋಳದ ಹೊಲ, ದೂರದಲ್ಲಿ ಕುರಿ ಹಿಂಡು, ಬೆಳಗಿನ ಹೊತ್ತು ತುಟಿ ಒಡೆಯುವಂಥ ಒಣ ಗಾಳಿ. ಮನೆಯಲ್ಲಿ, ಅಜ್ಜನಿಗೆ ಮಾತ್ರ ಯಾವ ಊರೆಂದು ಹೇಳಕೂಡದು ಎಂದು ಅಮ್ಮನ ಹತ್ತಿರ ಆಣೆ ಮಾಡಿಸಿಕೊಂಡಿದ್ದೆ.

ತಿಪ್ಪೇಸ್ವಾಮಿ ವಕೀಲರು ದಪ್ಪ ಮೀಸೆಯ, ಯಾವಾಗಲೂ ಸುಸ್ತಾದವರ ಹಾಗೆ ಕಾಣುವ ಮನುಷ್ಯ. "ಯುಗಾದಿವರೆಗೂ ನೋಡಾಣ," ಅಂದರು. "ಅಲ್ಲೀವರೆಗೂ ಕೋಟು ಹಾಕಬ್ಯಾಡ. ಪಾರ್ಟಿಗಳ ಜೊತೆ ಮಾತಾಡಾಕೆ ಬರುತ್ತೋ ಇಲ್ಲೋ ನೋಡ್ಬೇಕು. ಬರಲಿಲ್ಲ ಅಂದ್ರೆ ನೀನು ಕೇಳಾಕೆ ಮುಂಚೆ ನಾನೇ ಹೇಳ್ತೀನಿ." ಅಪ್ಪ ಕೊಟ್ಟ ವರ್ಷವೂ ಹೆಚ್ಚುಕಡಿಮೆ ಯುಗಾದಿಗೇ ಮುಗಿಯುತ್ತಿತ್ತು. ಅವರು ಬಿ.ಎಡ್. ಕಾಲೇಜೊಂದರಲ್ಲಿ ಮಾತಾಡಿಯೂ ಬಂದಿದ್ದರು.

ತಿಪ್ಪೇಸ್ವಾಮಿಯವರ ಕಷ್ಟ ಏನೆಂದು ಕೆಲವೇ ದಿನಗಳಲ್ಲಿ ತಿಳಿಯಿತು. ಅವರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಕುರಿ ಹೊಲಕ್ಕೆ ನುಗ್ಗಿತೆಂದು ಬಂದವರು, ಬದುವಿನ ಬೇವಿನ ಮರ ಯಾರದೆಂದು ಬಂದವರು, ಅಳಿಯ ಹಬ್ಬಕ್ಕೆ ಬರಲಿಲ್ಲವೆಂದು ಬಂದವರು, ಎಲ್ಲರ ಕೇಸೂ ಹಿಡಿಯುತ್ತಿದ್ದರು. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ "ನೋಡಾಣ ಇಡ್ರಿ" ಅನ್ನುತ್ತಿದ್ದರು. ಆಮೇಲೆ ಅದೇ ಜನ ಬಂದು ಕೂತಾಗ ಹಿಂಬಾಗಿಲಿಂದ ಹೋಗಿ ಟೀ ಅಂಗಡಿಯಲ್ಲಿ ಕೂರುತ್ತಿದ್ದರು. ನಾನು ಮುಂದಿನ ಕೋಣೆಯಲ್ಲಿ ಪಾರ್ಟಿಗಳನ್ನು ಮಾತಾಡಿಸುತ್ತ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತ ಇದ್ದೆ. ಕೋಟು ಚಿಕ್ಕಮ್ಮನ ಮನೆಯ ಗೂಟದಲ್ಲಿ ತೂಗುತ್ತಿತ್ತು. ಸೀನಿಯರ್ ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಎಂಬುದು ಆ ಮೀಸೆಯ ಮೇಲೆ ಬರೆದಿರಲಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ಸೀನಿಯರ್ ಕೋರ್ಟಿಗೆ ಹೋಗಿದ್ದ ಹೊತ್ತು. ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು, ಕೆಮ್ಮಿದ ಸದ್ದಾಯಿತು. ಆ ಕೆಮ್ಮು ನನಗೆ ಗೊತ್ತು.

"ಬಿಳಿಚೋಡಿಗೆ ಬಂದಿದ್ದೆ, ನಿಮ್ಮ ಚಿಕ್ಕಮ್ಮ ಹೇಳಿದ್ಲು," ಎಂದು ಅಜ್ಜ ಬೆಂಚಿನ ಮೇಲೆ ಕೂತು ಚೀಲ ಬಿಚ್ಚತೊಡಗಿದ. "ತಿಪ್ಪೇಸ್ವಾಮಿ ಅಂದ್ರೆ ಭಾರೀ ವಕೀಲ್ರಂತೆ. ಯಾರು ಬಂದ್ರೂ ಇಲ್ಲ ಅನ್ನಲ್ಲಂತೆ. ಒಂದ್ಸಲ ನಮ್ ಕಾಗದ ನೋಡ್ಲಿ."

"ಅಜ್ಜಾ, ನಿನ್ನ ಕಾಲಿಗೆ ಬೀಳ್ತೀನಿ, ಎದ್ದು ಹೋಗು," ಅಂದೆ.

"ಯಾಕೆ? ನಾನೇನು ನಿನ್ನ ನೋಡಾಕೆ ಬಂದಿಲ್ಲ. ವಕೀಲ್ರನ್ನ ನೋಡಾಕೆ ಬಂದೀನಿ."

ನನಗೆ ಆಗ ಏನಾಯಿತೋ. ಸೀನಿಯರ್ ಬಂದರೆ ಇಲ್ಲ ಅನ್ನುವುದಿಲ್ಲ, ನೋಡಾಣ ಇಡ್ರಿ ಅನ್ನುತ್ತಾರೆ. ಅಜ್ಜ ನಾಳೆಯಿಂದ ಈ ಬೆಂಚು ಬಿಡುವುದಿಲ್ಲ. ಯುಗಾದಿಯ ಒಳಗೆ ಅವರು ಅಜ್ಜನ ಜೊತೆ ನನ್ನನ್ನೂ ಕಳಿಸುತ್ತಾರೆ. ಇದೆಲ್ಲ ಒಮ್ಮೆಗೇ ಕಣ್ಣಿಗೆ ಕಂಡು ಸಿಟ್ಟು ಎಲ್ಲಿಯೋ ಹೋಯಿತು. ಮೇಜಿನ ಹಿಂದೆ ಹೋಗಿ ಕೂತೆ. ಬೇರೆ ಪಾರ್ಟಿಗಳಿಗೆ ಹೇಳುವ ದನಿಯಲ್ಲೇ ಹೇಳಿದೆ. "ವಕೀಲರು ಕೋರ್ಟಿನಲ್ಲಿದ್ದಾರೆ. ಕೊಡ್ರಿ, ನಾನು ನೋಡ್ತೀನಿ."

ಅಜ್ಜ ನನ್ನ ಮುಖವನ್ನೇ ನೋಡಿದ. ಹುಟ್ಟಿದಾಗಿನಿಂದ ನೀನು ಅನ್ನುತ್ತಿದ್ದವಳು ಕೊಡ್ರಿ ಅಂದಿದ್ದಳು. ಚೀಲ ಕೊಟ್ಟ.

ಇಡೀ ಊರಿಗೆ ತೋರಿಸಿದ ಆ ಕಾಗದವನ್ನು ನಾನು ಓದಿದ್ದು ಅವತ್ತೇ ಮೊದಲು. ನಿಧಾನವಾಗಿ ಓದಿದೆ. ಅಜ್ಜ ಎರಡು ಸಲ ಬಾಯಿ ಹಾಕಲು ಬಂದ, ಸ್ವಲ್ಪ ಇರ್ರಿ ಅಂದೆ.

"ಈಗ ಗದ್ದೆಗೆ ಯಾವ ಕಡೆಯಿಂದ ಹೋಗ್ತೀರಿ?"

"ಚಾನಲ್ ಏರಿ ಮ್ಯಾಲೆ. ಅಲ್ಲಿ ಸಿಮೆಂಟ್ ರೋಡು ಆಗೇತಲ್ಲ, ನಿನಗೇ ಗೊತ್ತೈತೆ."

"ಟ್ರ್ಯಾಕ್ಟರ್ ಹೋಗ್ತದಾ?"

"ಲಾರೀನೇ ಹೋಗ್ತೈತೆ."

"ಈ ಬಂಡಿ ದಾರೀಲಿ ಯಾರು ಓಡಾಡ್ತಾರೆ?"

ಅಜ್ಜ ಬಾಗಿಲ ಕಡೆ ನೋಡಿದ. ಆಮೇಲೆ, "ಯಾರೂ ಇಲ್ಲ. ಜಾಲಿ ಬೆಳೆದೈತೆ," ಅಂದ.

"ಮತ್ತೆ ಯಾಕೆ ಬೇಕು?"

"ಅದು ನನ್ನ ದಾರಿ."

"ಇದರಾಗೆ ಇನ್ನು ಮಾಡೋದು ಏನೂ ಇಲ್ಲ. ತಮ್ಮನ ಮಕ್ಕಳನ್ನ ಕರೆದು ರಾಜಿ ಮಾಡ್ಕೊಳ್ರಿ. ಈ ಆಫೀಸಿನಲ್ಲಿ ಈ ಕೇಸು ತಗೊಳ್ಳಲ್ಲ. ಇಲ್ಲಿಗೆ ಮತ್ತೆ ಬರಬ್ಯಾಡ್ರಿ." ಹೇಳಿ ಮುಗಿಸಿ ಕಾಗದಗಳನ್ನು ಜೋಡಿಸಿ ಅವನ ಕಡೆ ಸರಿಸಿದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದ ಅಜ್ಜ. ನನಗೆ ತುಂಬ ಸಂಕಟವಾಯಿತು. ಅವನು ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು, ಚಪ್ಪಲಿ ಮೆಟ್ಟಿ, ಬಸ್ ಸ್ಟ್ಯಾಂಡಿನ ಕಡೆ ನಡೆದ.

ತಲೆ ಎತ್ತಿದರೆ ಒಳಕೋಣೆಯ ಬಾಗಿಲಲ್ಲಿ ತಿಪ್ಪೇಸ್ವಾಮಿಯವರು ನಿಂತಿದ್ದರು, ಕೋಟು ಮುಂಗೈ ಮೇಲೆ. ಕೋರ್ಟಿನಿಂದ ಯಾವಾಗಲೋ ಹಿಂಬಾಗಿಲಿಂದ ಬಂದಿದ್ದರು. ಆಯಿತು, ಇದೂ ಮುಗಿಯಿತು ಅಂದುಕೊಂಡೆ.

"ಯಾರವ್ವಾ ಅವರು?"

"ನಮ್ಮ ಅಜ್ಜ ಸರ್."

"ಸ್ವಂತ ಅಜ್ಜನಾ?" ಎಂದು ಅವರು ಬೆಂಚಿನ ಮೇಲೆ ಕುಸಿದು ಕೂತರು. ಮೀಸೆ ತಿಕ್ಕಿಕೊಂಡರು. "ಇಷ್ಟು ವರ್ಷದಾಗೆ ಒಬ್ಬ ಪಾರ್ಟಿಗೂ ನನಗೆ ಇಲ್ಲ ಅನ್ನಾಕೆ ಆಗ್ಲಿಲ್ಲ. ನೀನು ಅಜ್ಜನಿಗೇ ಅಂದಿಯಲ್ಲ. ನಾಳೆಯಿಂದ ಕೋಟು ಹಾಕ್ಕಂಡು ಬಾ. ಆ ಬೇವಿನ ಮರದ ಕೇಸಿಗೆ ನಾಳೆ ವಾಯಿದೆ, ನೀನೇ ಎದ್ದು ನಿಲ್ಲು. ಈಗ ಹೋಗಿ ಅವರನ್ನ ಬಸ್ ಹತ್ತಿಸಿ ಬಾ, ಬಿಸಿಲು ಐತೆ."

ಬಸ್ ಸ್ಟ್ಯಾಂಡಿಗೆ ಓಡಿದೆ. ಅಜ್ಜ ದಾವಣಗೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ, ಚೀಲ ತೊಡೆಯ ಮೇಲೆ. ಕಿಟಕಿಯ ಕೆಳಗೆ ನಿಂತೆ. ಅವನೇ ಕೇಳಿದ.

"ಬೈದ್ರಾ?"

"ಇಲ್ಲಜ್ಜಾ. ನಾಳೆಯಿಂದ ಕೋಟು ಹಾಕ್ಕೊಂಡು ಬಾ ಅಂದ್ರು. ಇಟ್ಕೊಂಡ್ರು."

ಅಜ್ಜನ ಮುಖ ಅರಳಿತು. ನನ್ನ ಕಡೆ ನೋಡಲಿಲ್ಲ, ಪಕ್ಕದಲ್ಲಿ ಕೂತಿದ್ದ ಕುರಿಯವನ ಕಡೆ ತಿರುಗಿದ. "ನೋಡಪ್ಪಾ, ಒಂದು ವರ್ಷದಿಂದ ಒದ್ದಾಡ್ತಿದ್ಲು. ನಾನು ಬಂದು ಒಂದು ಗಳಿಗೆ ಕೂತು ಮಾತಾಡಿದ್ದಕ್ಕೇ ಆಗಿಹೋತು. ಮನೆ ಹಿರಿಯರು ಒಬ್ರು ಬಂದು ಹೇಳ್ಬೇಕಪ್ಪ, ಆಗ್ಲೇ ಕೆಲ್ಸ ಆಗೋದು."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ಅಜ್ಜ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ.

"ಏ ಶೈಲಾ, ಈ ತಿಪ್ಪೇಸ್ವಾಮಿ ವಕೀಲ್ರನ್ನ ಮಾತ್ರ ಬಿಡಬ್ಯಾಡ! ಮಾತು ಮಾತಿಗೂ ವಕೀಲ್ರನ್ನ ಬದಲಾಯಿಸಬಾರ್ದು!"

"ಆಯ್ತಜ್ಜಾ," ಅಂದೆ.